ಸರಪಣಿಪಟ್ಟೆಯ ಯುದ್ಧವಾಹನಗಳು ತಿರುಗುವ ಬಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಬೇಸಗೆಯಲ್ಲಿ ಕೆರೆ ಬತ್ತಿದೊಡನೆ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವುದು ವಾಡಿಕೆ. ಟ್ರ್ಯಾಕ್ಟರುಗಳು ಬರುವ ಮೊದಲು ಇದು ಎತ್ತಿನ ಗಾಡಿಯ ಕೆಲಸವಾಗಿತ್ತು. ಮೇಲೆ ಒಣಗಿ ಒಳಗೆ ಹಸಿಯಾಗಿರುವ ಕೆರೆಯಂಗಳದಲ್ಲಿ ಗಾಲಿಗಳು ಅಚ್ಚಿನವರೆಗೆ ಹೂತುಹೋಗುವುದುಂಟು. ಹಾಗಾದರೆ ಸುಮಾರು 39 ಟನ್ ತೂಕದ ಟ್ಯಾಂಕಿನ ಗತಿಯೇನು?

ಲೆಕ್ಕ ಹಾಕೋಣ. ಹೇರು ಸಹಿತ ಗಾಡಿಯ ತೂಕ 1,000 ಕಿಲೋಗ್ರಾಂ, ಎರಡು ಗಾಲಿಗಳ ಕಬ್ಬಿಣದ ಪಟ್ಟಿ ಗಟ್ಟಿನೆಲವನ್ನು ಮುಟ್ಟುವ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಪ್ರತಿ ಚದರ ಸೆಂಟಿಮೀಟರಿನ ಮೇಲೆ 10 ಕಿಲೋಗ್ರಾಂ ಭಾರ ಬೀಳುತ್ತದೆ. 1960ರ ದಶಕದಲ್ಲಿ ಬ್ರಿಟನ್ನಿನ ವಿಕರ್ಸ್ ಸಂಸ್ಥೆಯು ನಮ್ಮ ದೇಶಕ್ಕಾಗಿ ರೂಪಿಸಿದ, ಚೆನ್ನೈ ಬಳಿಯ ಆವಡಿಯಲ್ಲಿ ತಯಾರಾದ ‘ವಿಜಯಂತ’ ಟ್ಯಾಂಕಿನ ಎರಡು ಪಟ್ಟೆಗಳು ಸುಮಾರು 44,000 ಚದರ ಸೆಂಟಿಮೀಟರ್ ನೆಲವನ್ನು ಮುಟ್ಟುತ್ತವೆ. ಅದರ ಒತ್ತಡ ಒಂದು ಕಿಲೋಗ್ರಾಮಿಗೂ ಕಡಿಮೆ! ಗಾಡಿಗಿಂತ ಟ್ಯಾಂಕೇ ಹಗುರವಾಗಿ ನಡೆಯುತ್ತದೆ.

ಆದರೆ ಈ ಲಾಭಕ್ಕೆ ತೆರಬೇಕಾದ ಬೆಲೆಯುಂಟು. ಎಡದ ಎತ್ತನ್ನು ತಡೆದು ಬಲದ್ದನ್ನು ಹೊಡೆದರೆ ಗಾಡಿ ಎಡಕ್ಕೆ ತಿರುಗುತ್ತದೆ. ಟ್ಯಾಂಕಿನಲ್ಲೂ ಎಡದ ಪಟ್ಟೆಯನ್ನು ತಡೆದರೆ ಹಾಗೆಯೇ. ಗಾಲಿ ನೆಲವನ್ನು ಮುಟ್ಟುವುದು ಅಂಗೈಯಷ್ಟು ಜಾಗದಲ್ಲಿ. ನಾಲ್ಕು ಮೀಟರ್ ಉದ್ದದ ಪಟ್ಟೆಯೋ, ತಿರುಗುವಾಗ ಅಡ್ಡಡ್ಡಲಾಗಿ ಮಣ್ಣನ್ನು ಕೆರೆಯಲೇಬೇಕು. ಘರ್ಷಣೆಯಲ್ಲಿ ಶಕ್ತಿ ವ್ಯರ್ಥ, ಪಟ್ಟೆ ಕಳಚಲೂಬಹುದು. ಶತ್ರುವಿನ ಎದುರಿನಲ್ಲಿ ಪಟ್ಟೆ ಕಳಚಿದ ಟ್ಯಾಂಕು ಒಳಗಿನವರಿಗೆ ಗೋರಿಯೇ ಸರಿ.

ಪಟ್ಟೆಯನ್ನೇ ಬಿಲ್ಲಿನಂತೆ ಬಾಗಿಸಿದರೆ? ಲಕ್ಷಕ್ಕೂ ಮಿಕ್ಕಿ ತಯಾರಾದ, ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನಿಕರೂ ಬಳಸಿದ ‘ಯೂನಿವರ್ಸಲ್ ಕ್ಯಾರಿಯರ್’ ಎಂಬ ಪುಟ್ಟ ಬ್ರಿಟಿಷ್ ವಾಹನ ಮಾಡಿದ್ದು ಇದನ್ನೇ. ಚಾಲಕನು ಚಕ್ರವನ್ನು ಕೊಂಚ ತಿರುಗಿಸಿದರೆ ಮುಂಭಾಗದ ಗಾಲಿಜೋಡಿಗಳು ಪಕ್ಕಕ್ಕೆ ಸರಿದು ಪಟ್ಟೆ ಬಾಗುತ್ತಿತ್ತು; ವಾಹನ ಆ ಬಾಗಿನಲ್ಲೇ ಸಾಗುತ್ತಿತ್ತು. ಇನ್ನೂ ತಿರುಗಿಸಿದರೆ ಮಾತ್ರ ಒಂದು ಬದಿಗೆ ಬ್ರೇಕು. ಸುಮಾರು ಏಳೂವರೆ ಟನ್ನಿನ ‘ಟೆಟ್ರಾರ್ಕ್’ ಟ್ಯಾಂಕಿನಲ್ಲಂತೂ ಎಂಟು ಗಾಲಿಗಳೂ ಹೊರಳುತ್ತಿದ್ದವು. ನಮಗೆ ಇದಕ್ಕಿಂತ ಜಾಣ ಉಪಾಯ ಕಂಡಿಲ್ಲ.

ಭಾರ ಹೆಚ್ಚಿದಂತೆ ಪಟ್ಟೆ ಅಗಲವಾಗಬೇಕು, ಅಗಲವಾದುದು ಬಾಗದು. ಆದುದರಿಂದ ವಿಜಯಂತದಂತಹ ಭಾರಿ ಟ್ಯಾಂಕುಗಳು ಈ ದಾರಿ ಹಿಡಿಯಲಿಲ್ಲ. ಹಗುರವಾದ ಟೆಟ್ರಾರ್ಕಿನ ಉಕ್ಕಿನ ಕವಚವೋ ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್ ದಪ್ಪ. 1944ರ ಜೂನ್ 6ರಂದು ಅವನ್ನು ‘ಹ್ಯಾಮಿಲ್ಕಾರ್’ ಗ್ಲೈಡರುಗಳಲ್ಲಿಟ್ಟು ನಾರ್ಮಂಡಿಯಲ್ಲಿ ಇಳಿಸಿದರು. ಅಲ್ಲಿ ಬಯಲಲ್ಲಿ ಬಿದ್ದಿದ್ದ ಪ್ಯಾರಾಷೂಟುಗಳ ಬಟ್ಟೆ, ಹಗ್ಗಗಳು ಪಟ್ಟೆಗಳಿಗೆ ಸುತ್ತಿಕೊಂಡು ಹಲವು ಟ್ಯಾಂಕುಗಳು ನಿಂತಲ್ಲೇ ನಿಂತವು.