ಟೇಬಲ್ ಇಲ್ಲದಿದ್ದರೂ ರೆಸ್ಟ್ ನಡೆಯುತ್ತದೆ

ನೆಲಮಂಗಲದ ಗೋದಾಮಿನಿಂದ ಬರೆದವರೇ,

ಯಾವ ಲೋಡು ಯಾವ ಲಾರಿಗೆ, ಯಾವುದು ಹೆದ್ದಾರಿ 48ರಲ್ಲಿ ತುಮಕೂರಿಗೆ, ಯಾವುದು 75ರಲ್ಲಿ ಹಾಸನಕ್ಕೆ ಎಂದು ಲೆಕ್ಕ ಹಾಕಿಕೊಡುವುದಷ್ಟೇ ನಿಮ್ಮ ಸರ್ವಿಸ್‌ನ ಕೆಲಸ. ಅದರ ಹಿಂದೆ ಡೇಟಾಬೇಸ್ ಇಲ್ಲ, ಆದ್ದರಿಂದ ರೆಸ್ಟ್ (REST) ಶೈಲಿಯ ಎಪಿಐ ನಮಗಲ್ಲ ಅನ್ನುವ ನಿಮ್ಮ ಟೀಮ್ ಲೀಡ್ ಮಾತನ್ನು ನಾನು ಒಪ್ಪಲಾರೆ. ರೆಸ್ಟ್ ರೂಪಿಸಿದ ರಾಯ್ ಫೀಲ್ಡಿಂಗ್ 2000ದ ತಮ್ಮ ಪ್ರಬಂಧದಲ್ಲಿ ರಿಸೋರ್ಸ್‌ಗೆ ಕೊಟ್ಟ ಉದಾಹರಣೆಗಳಲ್ಲಿ ಲಾಸ್ ಏಂಜಲೀಸ್‌ನ ಇಂದಿನ ಹವಾಮಾನವೂ ಒಂದು. ಅದು ಯಾವ ಟೇಬಲ್ಲಿನ ಸಾಲು, ಹೇಳಿ?

ಯುಆರ್‌ಎಲ್‌ನಲ್ಲಿ ‘ಲೆಕ್ಕಹಾಕು’ ಎಂಬ ಕ್ರಿಯಾಪದ ಬೇಡ. ಲೆಕ್ಕದ ಕೆಲಸವನ್ನೇ ರಿಸೋರ್ಸ್ ಮಾಡಿ. ಆರ್ಡರ್ ಪಟ್ಟಿ ಪೋಸ್ಟ್ ಆದ ಕೂಡಲೇ 202 ಉತ್ತರ, ಲೊಕೇಶನ್ ಹೆಡರ್‌ನಲ್ಲಿ ಆ ಕೆಲಸದ ವಿಳಾಸ. ಗೇಟಿನಲ್ಲಿ ಡ್ರೈವರ್ ಕೈಗೆ ಟೋಕನ್ ಕೊಟ್ಟ ಹಾಗೆ. ಆ ವಿಳಾಸಕ್ಕೆ ಗೆಟ್ ಕಳಿಸಿದರೆ ಸ್ಥಿತಿ ಗೊತ್ತಾಗುತ್ತದೆ; ಮುಗಿದಿದ್ದರೆ 303 ಫಲಿತಾಂಶದ ಕಡೆ ಕಳಿಸುತ್ತದೆ; ರದ್ದು ಮಾಡಲು ಡಿಲೀಟ್. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಲೆಕ್ಕಕ್ಕೆ ಇಷ್ಟೆಲ್ಲ ಸರ್ಕಸ್ ಯಾಕೆ, ಪೋಸ್ಟ್‌ಗೇ 200 ಜೊತೆ ಉತ್ತರ ಕೊಟ್ಟುಬಿಡಿ.

ನೆಟ್‌ವರ್ಕ್ ಕೈಕೊಟ್ಟು ಒಂದೇ ಪಟ್ಟಿ ಎರಡು ಸಲ ಬಂದು, ಒಂದೇ ಲೋಡಿಗೆ ಎರಡು ಲಾರಿ ಬಂದು ನಿಲ್ಲುತ್ತಿವೆ ಎಂದಿದ್ದೀರಿ. ನನ್ನ ಪ್ರಕಾರ ಮೊದಲು ಸರಿಮಾಡಬೇಕಾದ್ದು ಇದನ್ನೇ. ಕ್ಲೈಂಟೇ ಕೆಲಸಕ್ಕೆ ಐಡಿ ಸೃಷ್ಟಿಸಿ, ಪೋಸ್ಟ್ ಬದಲು ಪುಟ್ ಬಳಸಲಿ. ಅದೇ ಐಡಿ ಮತ್ತೆ ಬಂದರೆ ಸರ್ವರ್ ಲೆಕ್ಕವನ್ನು ಹೊಸದಾಗಿ ಶುರುಮಾಡಬಾರದು, ಇರುವ ಸ್ಥಿತಿಯನ್ನಷ್ಟೇ ತಿಳಿಸಬೇಕು. ಈ ಸ್ಥಿತಿಯನ್ನು ಇಟ್ಟುಕೊಳ್ಳಲು ರೆಡಿಸ್ ಸಾಕು. ಅಳಿಸಿಹಾಕಿದ ಹಳೆಯ ಫಲಿತಾಂಶ ಯಾರಾದರೂ ಕೇಳಿದರೆ 410 ಕೊಡಿ.