ಸೋಲುವ ತಂಡವನ್ನು ನೋಡುವ ಬಗೆ

ರಗ್ಬಿ ಲೀಗ್‌ನಲ್ಲಿ ಕಟ್ಟಕಡೆಗೆ ನಿಂತ ತಂಡಕ್ಕೂ ಒಂದು ಬಿರುದಿದೆ: ವುಡನ್ ಸ್ಪೂನ್. ಅದನ್ನು ಯಾರೂ ವೇದಿಕೆಯಲ್ಲಿ ಕೊಡುವುದಿಲ್ಲ. ಆದರೂ ಯಾರ ಪಾಲಿಗೆ ಬಂತು ಎನ್ನುವುದು ಸಿಡ್ನಿಯಲ್ಲಿ ಎಲ್ಲರ ಬಾಯಲ್ಲೂ ಇರುತ್ತದೆ. ನಮ್ಮ ವೆಸ್ಟ್ಸ್ ಟೈಗರ್ಸ್ 2022, 2023, 2024ರಲ್ಲಿ ಬಿಡದೆ ಮೂರು ವರ್ಷ ಅದನ್ನು ಹೊತ್ತು ತಂದಿತು. ಬೆಂಗಳೂರಿನಿಂದ ಬಂದವನಿಗೆ ಇಂಥ ಭಕ್ತಿ ಹೊಸದೇನಲ್ಲ. 2008ರಿಂದ 2025ರವರೆಗೆ ಆರ್‌ಸಿಬಿ ಕಪ್ಪಿಗಾಗಿ ಕಾದು ಕೂತವರು ನಾವು.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಒಂದೊಂದು ಕಡೆ 13 ಜನ, ಒಟ್ಟು 80 ನಿಮಿಷ. ಚೆಂಡು ಹಿಡಿದು ಓಡಬಹುದು, ಒದೆಯಬಹುದು, ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯನ್ನು ಹಿಡಿದು ಕೆಡವುವುದು ರಕ್ಷಣೆ, ಅದಕ್ಕೆ ಟ್ಯಾಕಲ್ ಎನ್ನುತ್ತಾರೆ. ಕಬಡ್ಡಿ ಕಣ್ಣಿದ್ದವರಿಗೆ ಆ ಹಿಡಿತದ ಸೊಗಸು ಬೇಗ ಹತ್ತುತ್ತದೆ. ಆರು ಟ್ಯಾಕಲ್ ಮುಗಿದರೆ ಚೆಂಡು ಎದುರಾಳಿಗೆ. ಹಾಗಾಗಿ ಐದಾದ ಮೇಲೆ ಸಾಮಾನ್ಯವಾಗಿ ದೂರಕ್ಕೆ ಒದೆಯುತ್ತಾರೆ. ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 4 ಅಂಕ. ಮೊದಲ ಎಂಟು ತಂಡಗಳಿಗೆ ಮಾತ್ರ ಫೈನಲ್ಸ್. 2005ರಲ್ಲಿ ಚಾಂಪಿಯನ್ ಆಗಿದ್ದ ಟೈಗರ್ಸ್, 2011ರ ನಂತರ 2025ರವರೆಗೂ ಆ ಎಂಟರೊಳಗೆ ಕಾಲಿಡಲಿಲ್ಲ. 2016, 2018, 2019 ಮೂರೂ ವರ್ಷ ಒಂಬತ್ತನೆಯ ಸ್ಥಾನ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ.

ಗೆಲ್ಲುವ ತಂಡವನ್ನು ನೋಡುತ್ತಾ ಕೂತರೆ ಆಟ ಅರ್ಥವಾಗುವುದಿಲ್ಲ, ಎಲ್ಲವೂ ತಾನಾಗಿ ಆಗುತ್ತಿರುವ ಹಾಗೆ ಕಾಣುತ್ತದೆ. ಎಲ್ಲಿ ಏನು ಕೆಡುತ್ತದೆ ಎಂದು ತೋರಿಸಿಕೊಡುವುದು ಸೋಲುವ ತಂಡ. ನಾನು ಕಲಿತದ್ದು ಇಷ್ಟು.

1. ಸ್ಕೋರು ಬಿಡಿ, ಬಿದ್ದವನು ಏಳುವುದನ್ನು ನೋಡಿ

ಟ್ಯಾಕಲ್ ಆದವನು ಎದ್ದು ನಿಂತು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ. ಹಿಂದೆ ಬಗ್ಗಿ ನಿಂತ ಹುಕರ್ ಅದನ್ನೆತ್ತಿ ಆಟ ಮುಂದುವರಿಸುತ್ತಾನೆ. ಅಷ್ಟರೊಳಗೆ ರಕ್ಷಣೆಯವರು 10 ಮೀಟರ್ ಹಿಂದೆ ಸರಿದು ಸಾಲು ಕಟ್ಟಿಕೊಂಡಿರಬೇಕು. ಒಬ್ಬ ಏಳುವ ವೇಗಕ್ಕೂ ಉಳಿದವರು ಹಿಂದೆ ಸರಿಯುವ ವೇಗಕ್ಕೂ ನಡುವೆ ಒಂದು ಪೈಪೋಟಿ ನಡೆಯುತ್ತಲೇ ಇರುತ್ತದೆ. ಪಂದ್ಯದ ಮುಕ್ಕಾಲು ಪಾಲು ತೀರ್ಮಾನ ಅಲ್ಲೇ ಆಗಿಹೋಗುತ್ತದೆ.

ಹೇಗೆ ಬಿದ್ದ ಎನ್ನುವುದನ್ನು ಗಮನಿಸಿ. ಹೊಟ್ಟೆ ಅಡಿಯಾಗಿ, ಮೊಣಕೈ ಮೊಣಕಾಲಿನ ಮೇಲೆ ಬಿದ್ದವನು ತಟ್ಟನೆ ಎದ್ದುಬಿಡುತ್ತಾನೆ. ಬೆನ್ನ ಮೇಲೆ ಬಿದ್ದವನು ಮೊದಲು ಮಗುಚಬೇಕು, ಮೇಲಿರುವ ಇಬ್ಬರನ್ನು ಸರಿಸಬೇಕು, ಆಮೇಲೆ ಏಳಬೇಕು. ಆ ಒಂದು ಕ್ಷಣದಲ್ಲಿ ರಕ್ಷಣೆಯ ಸಾಲು ಉಸಿರೆಳೆದುಕೊಂಡು ಮುಂದಕ್ಕೆ ನುಗ್ಗಲು ತಯಾರಾಗಿರುತ್ತದೆ. ಮುಂದಿನವನು ಓಡಿಬಂದು ಗೋಡೆಗೆ ಗುದ್ದಿದ ಹಾಗೆ ನಿಲ್ಲುತ್ತಾನೆ. ಕೊನೆಯ ಸ್ಥಾನದ ವರ್ಷಗಳಲ್ಲಿ ನಡುವೆ ನುಗ್ಗುವ ನಮ್ಮ ಫಾರ್ವರ್ಡ್‌ಗಳು ಬೆನ್ನ ಮೇಲೆ ಬೀಳುವುದನ್ನು ನೋಡಿ ನೋಡಿ ನನಗೆ ಅಭ್ಯಾಸವಾಗಿತ್ತು. ನೇರ ನಿಂತು ಓಡುತ್ತಿದ್ದರು, ಎದೆಗೆ ಸಿಕ್ಕಿಬಿಡುತ್ತಿದ್ದರು. ಅತ್ತ ಎದುರಾಳಿಯನ್ನು ಕೆಡವಿದಾಗ ಮೇಲೆ ಮಲಗಿ ತಡಮಾಡಿದರೆ ಅದಕ್ಕೂ ದಂಡವಿದೆ. 2020ರಿಂದ ರೆಫರಿ ಸಾಮಾನ್ಯವಾಗಿ ಆಟ ನಿಲ್ಲಿಸದೆ ಆರು ಟ್ಯಾಕಲ್‌ಗಳ ಎಣಿಕೆಯನ್ನು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ದಣಿದ ತಂಡ ತಡಮಾಡುತ್ತದೆ, ತಡಮಾಡಿದ್ದಕ್ಕೆ ಇನ್ನಷ್ಟು ರಕ್ಷಣೆ ಮಾಡಬೇಕಾಗುತ್ತದೆ, ಇನ್ನಷ್ಟು ದಣಿಯುತ್ತದೆ.

2025ರಲ್ಲಿ ಟೆರೆಲ್ ಮೇ ಎಂಬ ಫಾರ್ವರ್ಡ್ ರೂಸ್ಟರ್ಸ್ ತಂಡ ಬಿಟ್ಟು ಬಂದರು. ಟ್ರೈ ಹೊಡೆದು ಹೆಸರು ಮಾಡಿದವರಲ್ಲ. ಓಡಿ, ಬಿದ್ದು, ಎದ್ದು, ಮತ್ತೆ ಓಡುವವರು. ನನ್ನ ಲೆಕ್ಕದಲ್ಲಿ ಆ ವರ್ಷದ ಅತಿ ಒಳ್ಳೆಯ ಖರೀದಿ ಅದೇ.

2. ಆಯ್ಕೆ ಅಂದರೆ 1, 6, 7, 9. ಉಳಿದದ್ದು ಆಮೇಲೆ

ಬೆನ್ನಿನ ಮೇಲಿನ ನಂಬರ್ ಇಲ್ಲಿ ಸ್ಥಾನವನ್ನು ಹೇಳುತ್ತದೆ. 1 ಫುಲ್‌ಬ್ಯಾಕ್, 6 ಫೈವ್-ಏಯ್ತ್, 7 ಹಾಫ್‌ಬ್ಯಾಕ್, 9 ಹುಕರ್. ಈ ನಾಲ್ವರನ್ನು ತಂಡದ ಬೆನ್ನೆಲುಬು ಎನ್ನುತ್ತಾರೆ. ಚೆಂಡು ಯಾವಾಗ, ಯಾರಿಗೆ, ಎಷ್ಟು ದೂರ ಎಂದು ನಿರ್ಧರಿಸುವವರು ಇವರೇ. ಒಬ್ಬೊಬ್ಬರೂ ಚೆನ್ನಾಗಿದ್ದರೆ ಸಾಲದು. ಏಳನೆಯವನು ತಲೆ ಎತ್ತಿ ನೋಡುವ ಮೊದಲೇ ಒಂದನೆಯವನು ಎಲ್ಲಿಂದ ಓಡಿಬರುತ್ತಾನೆ ಎಂಬುದು ಅವನಿಗೆ ಗೊತ್ತಿರಬೇಕು. ಅದು ತರಬೇತಿಯಲ್ಲಿ ಅರ್ಧ ಬರುತ್ತದೆ. ಉಳಿದರ್ಧ ಜೊತೆಯಲ್ಲಿ ಸೋತು ಸೋತು ಬರುತ್ತದೆ.

ಈ ಪಾಠಕ್ಕೆ ಲೂಕ್ ಬ್ರೂಕ್ಸ್ ಅವರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2013ರಲ್ಲಿ ಟೈಗರ್ಸ್‌ಗೆ ಬಂದು 2023ರವರೆಗೆ ಆಡಿದ ಹಾಫ್‌ಬ್ಯಾಕ್. 200ಕ್ಕೂ ಹೆಚ್ಚು ಪಂದ್ಯ, ಒಂದೂ ಫೈನಲ್ಸ್ ಇಲ್ಲ. ಆ ಅವಧಿಯಲ್ಲಿ ಪೂರ್ಣಾವಧಿ ಕೋಚ್‌ಗಳೇ ಐವರು: ಮಿಕ್ ಪಾಟರ್, ಜೇಸನ್ ಟೇಲರ್, ಐವನ್ ಕ್ಲಿಯರಿ, ಮೈಕಲ್ ಮಗ್ವಾಯರ್, ಟಿಮ್ ಶೀನ್ಸ್. ಪಕ್ಕದಲ್ಲಿ ನಿಂತ ಜೊತೆಗಾರರೂ ಹಾಗೆಯೇ: ಮಿಚೆಲ್ ಮೋಸಸ್, ಜಾಶ್ ರೆನಾಲ್ಡ್ಸ್, ಬೆಂಜಿ ಮಾರ್ಷಲ್, ಆಡಮ್ ಡೂಯಿಹಿ, ಜಾಕ್ಸನ್ ಹೇಸ್ಟಿಂಗ್ಸ್. 2018ರಲ್ಲಿ ವರ್ಷದ ಅತ್ಯುತ್ತಮ ಹಾಫ್‌ಬ್ಯಾಕ್ ಪ್ರಶಸ್ತಿ ಪಡೆದ ಆಟಗಾರ ಅವರು. ಆದರೂ ಸೋತಾಗಲೆಲ್ಲ ಬೈಗುಳ ಬೀಳುತ್ತಿದ್ದದ್ದು ಅವರಿಗೇ. 2024ರಲ್ಲಿ ಮ್ಯಾನ್ಲಿ ತಂಡಕ್ಕೆ ಹೋದರು. ಅಲ್ಲಿ ಡೇಲಿ ಚೆರ್ರಿ-ಎವನ್ಸ್ ಎಂಬ ಪಳಗಿದ ಆಟಗಾರ ಏಳನೆಯ ನಂಬರ್ ಹೊತ್ತಿದ್ದರು, ಬ್ರೂಕ್ಸ್ ಆರಾಗಿ ಹಗುರಾಗಿ ಆಡಿದರು. ಅದೇ ವರ್ಷ ಫೈನಲ್ಸ್.

ಮನುಷ್ಯ ಅವನೇ. ಮಾಡಬೇಕಾದ ಕೆಲಸ ಬದಲಾಯಿತು, ಅಷ್ಟೇ.

3. ಟ್ರೈ ಬಿಟ್ಟವನು ವಿಂಗರ್ ಎಂದು ನಂಬಬೇಡಿ

ಮೂಲೆಯಲ್ಲಿ ಎದುರಾಳಿ ಟ್ರೈ ಹೊಡೆದಾಗ ಟಿವಿಯಲ್ಲಿ ಕಾಣುವುದು ನಮ್ಮ ವಿಂಗರ್ ನೆಲದ ಮೇಲೆ ಬಿದ್ದಿರುವುದು. ಮಂಗಳವಾರ ತಂಡದ ಪಟ್ಟಿ ಬಂದಾಗ ಅವನ ಹೆಸರೇ ಮಾಯ. ಮರುಪ್ರಸಾರವನ್ನು ಮೂರು ಹೆಜ್ಜೆ ಹಿಂದಕ್ಕೆ ತಿರುಗಿಸಿ ನೋಡಿ. ಅಂಚಿನಲ್ಲಿ ಒಳಗಿನಿಂದ ಹೊರಕ್ಕೆ ಹಾಫ್, ಸೆಂಟರ್, ವಿಂಗರ್ ನಿಂತಿರುತ್ತಾರೆ. ಎದುರಿನಿಂದ ಒಬ್ಬ ನೇರ ನುಗ್ಗುತ್ತಾನೆ, ಇನ್ನೊಬ್ಬ ಅವನ ಬೆನ್ನ ಹಿಂದೆ ಸುತ್ತಿ ಬರುತ್ತಾನೆ. ಒಳಗಿನ ಹಾಫ್ ಮೊದಲನೆಯವನನ್ನೇ ನೋಡುತ್ತಾ ಅರ್ಧ ಹೆಜ್ಜೆ ಒಳಕ್ಕೆ ವಾಲಿದರೂ ಸಾಕು. ಆ ಸಂದನ್ನು ಮುಚ್ಚಲು ಸೆಂಟರ್ ಒಳಗೆ ಬರಬೇಕು, ಸೆಂಟರ್ ಬಿಟ್ಟವನನ್ನು ವಿಂಗರ್ ಹಿಡಿಯಬೇಕು. ಆಗ ಗೆರೆಯ ಪಕ್ಕದಲ್ಲಿ ಎದುರಾಳಿಯ ವಿಂಗರ್ ಒಬ್ಬನೇ, ಕೈ ಬೀಸಿಕೊಂಡು. ತಪ್ಪು ಮಾಡಿದವನಿಗೂ ಸಿಕ್ಕಿಬಿದ್ದವನಿಗೂ ನಡುವೆ ಇಪ್ಪತ್ತು ಮೀಟರ್ ಅಂತರ.

ಆದ್ದರಿಂದ ವಿಂಗರ್ ಬದಲಾವಣೆ ಆಯ್ಕೆಗಾರರಿಗೆ ಸುಲಭ, ತಂಡಕ್ಕೆ ನಿಷ್ಪ್ರಯೋಜಕ. ಹೊಸಬ ಬಂದರೆ ಪಕ್ಕದವನ ಧ್ವನಿಯೂ ಹೊಸದು, ಮುಂದಿನ ವಾರ ಅದೇ ಸಂದು ಇನ್ನೂ ಅಗಲವಾಗಿ ತೆರೆಯುತ್ತದೆ.

2023ರ ಮೇ 20ರಂದು ನಮ್ಮ ಮೈದಾನ ಲೈಕಾರ್ಟ್ ಓವಲ್‌ನಲ್ಲಿ ಟೈಗರ್ಸ್ ಇದ್ದಕ್ಕಿದ್ದಂತೆ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ತಂಡವನ್ನು 66-18ರಿಂದ ಚಚ್ಚಿ ಹಾಕಿತು. ಆರು ವಾರ ಕಳೆದು ಜುಲೈ 1ರಂದು ಟೌನ್ಸ್‌ವಿಲ್‌ನಲ್ಲಿ ಅದೇ ಕೌಬಾಯ್ಸ್ ಎದುರು ಫಲಿತಾಂಶ 74-0. ನಮ್ಮದು ಸೊನ್ನೆ. ತಂಡಕ್ಕೆ ಪ್ರತಿಭೆ ಇಲ್ಲ ಎನ್ನುವವರಿಗೆ ಮೊದಲ ಪಂದ್ಯ ಉತ್ತರ. ಎಲ್ಲ ಸರಿಹೋಯಿತು ಎನ್ನುವವರಿಗೆ ಎರಡನೆಯದು. ಅಂಚಿನಲ್ಲಿ ಮೂವರ ನಡುವಿನ ನಂಬಿಕೆ ಒಮ್ಮೆ ಮುರಿದರೆ 20 ಅಂಕದಲ್ಲಿ ಮುಗಿಯಬೇಕಾದ ಸೋಲು 74ಕ್ಕೆ ಹೋಗಿ ನಿಲ್ಲುತ್ತದೆ.

4. ಐದನೆಯ ಟ್ಯಾಕಲ್ ಆದ ಮೇಲೆ ಚೆಂಡು ಎಲ್ಲಿ ಬೀಳುತ್ತದೆ?

ಇದೊಂದೇ ಪ್ರಶ್ನೆ ಹಿಡಿದು ಒಂದು ಪಂದ್ಯ ನೋಡಿ. ಒದೆದ ಚೆಂಡು ಎದುರಾಳಿಯ ಫುಲ್‌ಬ್ಯಾಕ್ ಕೈಗೆ ನೇರ ಹೋದರೆ ಅವನು ಓಡಿಕೊಂಡೇ ಬರುತ್ತಾನೆ. ಮೂಲೆಗೆ ಹೋಗಿ ನೆಲಕ್ಕೆ ತಾಗಿ ಹೊರಳಿದರೆ ಅವನು ಹಿಂದೆ ತಿರುಗಿ ಹೆಕ್ಕಬೇಕು, ಅಷ್ಟರಲ್ಲಿ ನಮ್ಮವರ ಸಾಲು ಮೇಲೆ ಬಿದ್ದಿರುತ್ತದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಸುಮಾರು 20 ಮೀಟರ್ ವ್ಯತ್ಯಾಸ. ಸೋಲುವ ತಂಡ ಗಾಬರಿಯಲ್ಲಿ ಒದೆಯುವುದನ್ನೇ ಮರೆತು ಐದಾದ ಮೇಲೂ ಕೈಯಲ್ಲೇ ಏನೋ ಪವಾಡ ಮಾಡಲು ಹೊರಡುತ್ತದೆ. ಲೈಕಾರ್ಟ್‌ನ ಹುಲ್ಲುದಿಬ್ಬದ ಮೇಲೆ ಕೂತವರು ಆಗ ಒಕ್ಕೊರಲಿನಿಂದ ಕೂಗುತ್ತಾರೆ, ‘ಕಿಕ್ ಇಟ್!’ ಅಲ್ಲಿ ಎಲ್ಲರೂ ಕೋಚ್‌ಗಳೇ.

5. ರೆಫರಿಯನ್ನು ಬೈಯಿರಿ, ಆದರೆ ಲೆಕ್ಕಕ್ಕೆ ಹಿಡಿಯಬೇಡಿ

2022ರ ಜುಲೈನಲ್ಲಿ ಟೌನ್ಸ್‌ವಿಲ್‌ನ ಪಂದ್ಯವನ್ನು ಕೊನೆಯ ಸೆಕೆಂಡಿನಲ್ಲಿ ಸಿಕ್ಕ ಒಂದು ಪೆನಾಲ್ಟಿ ನಮ್ಮಿಂದ ಕಿತ್ತುಕೊಂಡಿತು: 27-26. ಆ ತೀರ್ಪು ಸರಿಯಿರಲಿಲ್ಲ ಎಂದು ಆಮೇಲೆ ಲೀಗೇ ಒಪ್ಪಿತು. ನಾನು ವಾರವಿಡೀ ಉರಿದುಕೊಂಡೆ. ಆದರೆ ಆ ವರ್ಷ ನಾವು ಗೆದ್ದದ್ದು ಬರೀ 4 ಪಂದ್ಯ, ನಮ್ಮ ಮೇಲಿದ್ದ ತಂಡ ಗೆದ್ದದ್ದು 6. ಆ ಪಂದ್ಯ ಸಿಕ್ಕಿದ್ದರೂ ಕೊನೆಯ ಸ್ಥಾನ ತಪ್ಪುತ್ತಿರಲಿಲ್ಲ.

6. ಕೋಚ್ ಬದಲಿಸುವ ಮೊದಲು ಹಳಬರು ಎಲ್ಲಿಗೆ ಹೋದರು ನೋಡಿ

ಐವನ್ ಕ್ಲಿಯರಿ 2018ರ ಕೊನೆಗೆ ಟೈಗರ್ಸ್ ಬಿಟ್ಟು ಪೆನ್ರಿತ್‌ಗೆ ಹೋದರು, ಮಗ ನೇಥನ್ ಆಡುವ ತಂಡಕ್ಕೆ. 2021ರಿಂದ 2024ರವರೆಗೆ ಪೆನ್ರಿತ್ ಸತತ ನಾಲ್ಕು ಸಲ ಚಾಂಪಿಯನ್. ಮೈಕಲ್ ಮಗ್ವಾಯರ್ ಅವರನ್ನು ಟೈಗರ್ಸ್ 2022ರ ಜೂನ್‌ನಲ್ಲಿ ನಡುದಾರಿಯಲ್ಲೇ ಮನೆಗೆ ಕಳಿಸಿತು. 2025ರಲ್ಲಿ ಬ್ರಿಸ್ಬೇನ್ ಬ್ರಾಂಕೋಸ್ ಕಪ್ ಎತ್ತಿದಾಗ ಕೋಚ್ ಅವರೇ. ಅಂದರೆ ಸತತ ಐದು ವರ್ಷದ ಚಾಂಪಿಯನ್‌ಶಿಪ್‌ಗಳು ಟೈಗರ್ಸ್‌ನ ಮಾಜಿ ಕೋಚ್‌ಗಳ ಪಾಲಾದವು! ನನಗೆ ಇದಕ್ಕಿಂತ ನೋವಿನ ಅಂಕಿಅಂಶ ಗೊತ್ತಿಲ್ಲ.

ಇವರು ಉಳಿದಿದ್ದರೆ ನಾವೇ ಗೆಲ್ಲುತ್ತಿದ್ದೆವು ಎಂದು ನಾನು ಹೇಳುತ್ತಿಲ್ಲ. ಪೆನ್ರಿತ್‌ನಲ್ಲಿ ಚಿಕ್ಕಂದಿನಿಂದ ಒಟ್ಟಿಗೆ ಆಡಿ ಬೆಳೆದ ಹುಡುಗರ ದಂಡೇ ಇತ್ತು. ಕ್ಲಿಯರಿ ಹೋದ ಮೊದಲ ವರ್ಷ, 2019ರಲ್ಲಿ, ಪೆನ್ರಿತ್ ಫೈನಲ್ಸ್ ಕೂಡ ತಲುಪಲಿಲ್ಲ. ಅಲ್ಲಿ ಅವರನ್ನು ಕಿತ್ತುಹಾಕಲಿಲ್ಲ. ನಮ್ಮಲ್ಲಾಗಿದ್ದರೆ ಅಷ್ಟೊತ್ತಿಗೆ ಸಭೆ ಸೇರಿರುತ್ತಿತ್ತು.

7. ಗೆದ್ದವರನ್ನು ಕೊಂಡರೆ ಗೆಲುವು ಜೊತೆಗೆ ಬರುವುದಿಲ್ಲ

2023ಕ್ಕೆ ಆಪಿ ಕೊರೊಯ್ಸಾವ್ ಬಂದರು, ಪೆನ್ರಿತ್‌ನಲ್ಲಿ ಎರಡು ಕಪ್ ಗೆದ್ದು. ಅದೇ ವರ್ಷ ಐಸಾಯಾ ಪಾಪಾಲಿ, ಡೇವಿಡ್ ಕ್ಲೆಮ್ಮರ್. ಕಾಗದದ ಮೇಲೆ ಭರ್ಜರಿ. ಮೊದಲ ಏಳು ಪಂದ್ಯ ಸತತ ಸೋಲು. ಹುಕರ್ ಎಷ್ಟೇ ಚುರುಕಾಗಿದ್ದರೂ ಮುಂದಿನವನು ಬೆನ್ನ ಮೇಲೆ ಬಿದ್ದಿದ್ದರೆ ಅವನ ಕೈಗೆ ಚೆಂಡು ಬರುವುದೇ ತಡವಾಗಿ. 2025ರಲ್ಲಿ ನಾಲ್ಕು ಕಪ್ ಗೆದ್ದ ಜರೋಮ್ ಲುವಾಯ್ ಬಂದಾಗ ಪರಿಸ್ಥಿತಿ ಬೇರೆ ಇತ್ತು: ಹುಕರ್ ಕೊರೊಯ್ಸಾವ್ ಹಳೆಯ ಗೆಳೆಯ, ಫುಲ್‌ಬ್ಯಾಕ್ ಜಹ್ರೀಮ್ ಬುಲಾ ಆಗಲೇ ಪಳಗಿದ್ದರು, ಮುಂದೆ ಮೇ ಇದ್ದರು. ಆ ವರ್ಷ ಕೊನೆಯ ಸ್ಥಾನ ತಪ್ಪಿತು.

8. ಬೆಳೆಸಿದವರನ್ನು ಉಳಿಸಿಕೊಳ್ಳುವುದೂ ತಂತ್ರವೇ

ಅಮೆರಿಕದ ಕೆಲವು ಲೀಗ್‌ಗಳಲ್ಲಿ ಕೊನೆಗೆ ನಿಂತ ತಂಡಕ್ಕೆ ಹೊಸ ಪ್ರತಿಭೆಯನ್ನು ಮೊದಲು ಆರಿಸುವ ಅವಕಾಶವಿರುತ್ತದೆ. ರಗ್ಬಿ ಲೀಗ್‌ನಲ್ಲಿ ಅದಿಲ್ಲ. ಸಿಡ್ನಿಯಲ್ಲಿ ಒಮ್ಮೆ ಅಂಥ ಡ್ರಾಫ್ಟ್ ತಂದರು. ಆಟಗಾರರು ಕೋರ್ಟಿಗೆ ಹೋದರು, 1991ರಲ್ಲಿ ಅದು ಬಿದ್ದುಹೋಯಿತು. ಆಟಗಾರರ ಪಕ್ಷವೇ ನ್ಯಾಯ, ಒಪ್ಪುತ್ತೇನೆ. ಆದರೆ ಕೊನೆಯ ತಂಡಕ್ಕೆ ಸಿಗುವುದು ಬರೀ ಅವಮಾನ. ಸೋಲುವ ತಂಡಕ್ಕೆ ಒಳ್ಳೆಯ ಆಟಗಾರ ಬರಬೇಕಾದರೆ ಬೇರೆಯವರಿಗಿಂತ ಹೆಚ್ಚು ದುಡ್ಡು ಕೊಡಬೇಕು, ಸಂಬಳಕ್ಕೋ ಒಟ್ಟು ಮಿತಿಯಿದೆ. ಉಳಿದ ದಾರಿ ಮನೆಯ ಹುಡುಗರು.

ಅಲ್ಲೇ ನಾವು ಸೋರುವುದು. ಜೇಮ್ಸ್ ಟೆಡೆಸ್ಕೊ 2018ಕ್ಕೆ ರೂಸ್ಟರ್ಸ್ ಸೇರಿ ಅದೇ ವರ್ಷ, ಮರುವರ್ಷ ಕಪ್ ಗೆದ್ದರು. ಜಾಶ್ ಆಡೊ-ಕಾರ್ ನಮ್ಮಲ್ಲಿ ಚೊಚ್ಚಲ ಪಂದ್ಯ ಆಡಿ ಮೆಲ್ಬರ್ನ್ ಸ್ಟಾರ್ಮ್‌ಗೆ ಹೋದರು. ನಮ್ಮ ಕಿರಿಯರ ತಂಡದಲ್ಲಿದ್ದ ರಯಾನ್ ಪಾಪನ್‌ಹೈಜನ್ ಅದೇ ಸ್ಟಾರ್ಮ್ ಪರ 2020ರ ಗ್ರ್ಯಾಂಡ್ ಫೈನಲ್‌ನ ಶ್ರೇಷ್ಠ ಆಟಗಾರ. 2024ರಲ್ಲಿ 18ರ ಹರೆಯದಲ್ಲೇ ಆರನೆಯ ನಂಬರ್ ತೊಟ್ಟ ಲಾಕ್ಲನ್ ಗ್ಯಾಲ್ವಿನ್ ಮರುವರ್ಷ ನಡು ಋತುವಿನಲ್ಲೇ ಬುಲ್‌ಡಾಗ್ಸ್ ಪಾಲು. ಜನ ಹುಡುಗನನ್ನು ಬೈದರು. ನಾನು ಬೈಯಲಿಲ್ಲ, ಬೇಸರವಾಯಿತು ಅಷ್ಟೆ. ಮೂರು ವರ್ಷ ಕೊನೆಗೆ ನಿಂತ ತಂಡವನ್ನು ನಂಬು ಎಂದು ಹತ್ತೊಂಬತ್ತರ ಹುಡುಗನಿಗೆ ಹೇಳಲು ನಮ್ಮ ಬಳಿ ಏನು ಆಧಾರವಿತ್ತು?

ಅವನು ಬಿಟ್ಟ ಜಾಗಕ್ಕೆ ಯಾರು ಎಂಬ ಚರ್ಚೆ ಮಾತ್ರ ನಮ್ಮಲ್ಲಿ ನಿಂತಿಲ್ಲ. ನನ್ನ ಮತ ಇಷ್ಟೇ: ಲುವಾಯ್ ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿ, ಆದರೆ ಅವನಿಗೆ ಒಂದು ಪೂರ್ತಿ ಋತು ಕೊಡಿ, ಮೂರು ಸೋಲಿಗೆ ಬೆಂಚಿಗೆ ಕಳಿಸಬೇಡಿ.