ಅರವತ್ತು ಓಮ್ ಲೆಕ್ಕ

ಬಸವನಗುಡಿಯಲ್ಲಿ ಹಳೇ ಮನೆ ಕೆಡವಿ ಬೇಸ್‌ಮೆಂಟ್ ತೋಡಲು ಇಳಿದರೆ ಕೆಲವು ಕಡೆ ನಾಲ್ಕಡಿಗೇ ಬಂಡೆ ಸಿಗುತ್ತದೆ. ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಮೇಲೆದ್ದು ಕಾಣುವ, ಸುಮಾರು 300 ಕೋಟಿ ವರ್ಷದ ನೈಸ್ ಕಲ್ಲೇ ಕೆಳಗೂ ಹಬ್ಬಿದೆ. ಆಗ ಅಗೆಯುವ ಗಾಡಿಯ ಬಕೆಟ್ ಕಳಚಿ ಕಲ್ಲೊಡೆಯುವ ಬ್ರೇಕರ್ ಹಾಕುತ್ತಾರೆ. ಆ ಬಡಿತದಲ್ಲಿ ಕಲ್ಲಿಗೆ ಬಿದ್ದು ಉಳಿದದ್ದು ಬೂಮ್ ಹಿಡಿದು ಮೇಲೆ ಬಂದು, ಫ್ರೇಮು, ಕ್ಯಾಬಿನ್ ದಾಟಿ ವೈರಿಂಗಿನ ಪಿನ್ನುಗಳವರೆಗೂ ಹೋಗುತ್ತದೆ. ನನ್ನ ಹೊಟ್ಟೆಪಾಡು ಆ ಪಿನ್ನುಗಳಲ್ಲಿದೆ. ಅಂಗಡಿ ಚಾಮರಾಜಪೇಟೆಯಲ್ಲಿ. ಚೈನ್ ಗಾಡಿ ಯಾವ ಕಂಪನಿಯದಾದರೂ ನಮ್ಮ ಜನಕ್ಕೆ ಅದು ‘ಹಿಟಾಚಿ’ಯೇ. ಹಿಟಾಚಿ ನಿಂತಿತು ಅಂದರೆ ಫೋನ್ ಬರುತ್ತದೆ.

1. ‘ಇಂಥ ಕಂಟ್ರೋಲರ್ ಜತೆ ಸಂಪರ್ಕವಿಲ್ಲ’ ಅಂತ ಮಾನಿಟರ್ ತೋರಿಸಿದರೆ ಆ ಕಂಟ್ರೋಲರ್ ಸತ್ತಿದೆ ಅಂತಲ್ಲ. ಅದರ ಮಾತು ಕೇಳಿಸಲಿಲ್ಲ ಅಂತ, ಅಷ್ಟೇ. ಎಂಜಿನ್ ಕಂಟ್ರೋಲರ್, ಪಂಪ್ ಕಂಟ್ರೋಲರ್, ಮಾನಿಟರ್ ಎಲ್ಲ ಒಂದಕ್ಕೊಂದು ಹೆಣೆದ ಎರಡೇ ತಂತಿಯಲ್ಲಿ ಒಂದು ಸಲಕ್ಕೆ ಒಂದರಂತೆ ಮಾತಾಡುತ್ತವೆ. ಅದೇ ಕ್ಯಾನ್ ಲೈನ್. ಬಾಷ್ ಕಂಪನಿ ಇದನ್ನು 1986ರಲ್ಲಿ ಕಾರುಗಳಿಗಾಗಿ ಹೊರತಂದಿತು. ನಮ್ಮ ಹಿರಿಯರು ಮೈಕೋ ಅಂತ ಕರೆಯುತ್ತಿದ್ದ ಆಡುಗೋಡಿಯ ಕಂಪನಿ ಅದರದೇ ಅಂಗ. ದೊಡ್ಡ ಯಂತ್ರಗಳಲ್ಲಿ ಹೆಚ್ಚಾಗಿ ಇದರ ಮೇಲೆ ನಡೆಯುವುದು ಜೆ1939 ಎಂಬ ಭಾಷೆ. ಅದರಲ್ಲಿ ಎಫ್‌ಎಂಐ 9 ಎಂಬ ದೋಷದ ಕೋಡ್ ಬಂದರೆ, ಬರಬೇಕಾದ ಸುದ್ದಿ ಬರಬೇಕಾದ ಹೊತ್ತಿಗೆ ಬರುತ್ತಿಲ್ಲ ಅಂತ ಅರ್ಥ. ಯಾಕೆ ಅನ್ನುವುದನ್ನು ನಾವೇ ಹುಡುಕಬೇಕು. ಈ ವ್ಯತ್ಯಾಸ ತಿಳಿಯದೆ ಒಮ್ಮೆ ಒಂದು ಪಂಪ್ ಕಂಟ್ರೋಲರನ್ನೇ ಬದಲಾಯಿಸಿದೆ. ಹೊಸದಕ್ಕೂ ಅದೇ ಕೋಡ್ ಬಂತು. ಬಿಚ್ಚಿದ ಎಲೆಕ್ಟ್ರಾನಿಕ್ ಸಾಮಾನು ಯಾರೂ ವಾಪಸ್ ತಗೊಳ್ಳಲ್ಲ. ಅಸಲಿ ತೊಂದರೆ ಎಲ್ಲಿತ್ತು ಅಂತ ನಾಲ್ಕರಲ್ಲಿ ಹೇಳುತ್ತೇನೆ.

2. ಗಾಡಿ ಸ್ಲೋ ಆದರೆ ಮೊದಲು ಪಂಪಿಗೆ ಸ್ಪ್ಯಾನರ್ ಹಾಕಬೇಡಿ. ಮಲ್ಲೇಶ್ವರದ ಒಂದು ಕ್ರಾಸಿನಲ್ಲಿ ನಾನು ಹೋಗುವಷ್ಟರಲ್ಲಿ ಪಂಪಿನ ರೆಗ್ಯುಲೇಟರ್ ಬಿಚ್ಚಿ ಗೋಣಿಚೀಲದ ಮೇಲೆ ಹರಡಿದ್ದರು. ಪಕ್ಕದಲ್ಲೇ ಸಿಮೆಂಟ್ ಇಳಿಸುತ್ತಿದ್ದರು. ಎಂಜಿನ್ ಎಷ್ಟು ವೇಗದಲ್ಲಿದೆ ಅನ್ನುವ ಸುದ್ದಿ ಕ್ಯಾನ್ ಲೈನಿನಲ್ಲಿ ಬಾರದೆ ಹೋದರೆ ಪಂಪ್ ಕಂಟ್ರೋಲರ್ ಸುಮ್ಮನೆ ರಿಸ್ಕ್ ತಗೊಳ್ಳುವುದಿಲ್ಲ. ಎಂಜಿನ್ ಆಫ್ ಆಗದಿರಲಿ ಅಂತ ಪಂಪಿನ ಟಾರ್ಕ್ ಇಳಿಸಿ ಕೂರುತ್ತದೆ. ಬೂಮ್ ನಿಧಾನ, ಟ್ರಾವೆಲ್ ನಿಧಾನ, ಥ್ರಾಟಲ್ ಡಯಲ್ ತಿರುಗಿಸಿದರೂ ಆರ್‌ಪಿಎಂ ಏರಲ್ಲ. ನೋಡುವವರಿಗೆ ಪಂಪ್ ಸವೆದ ಹಾಗೆ ಕಾಣುತ್ತದೆ. ಸವೆದ ಪಂಪ್ ಆಯಿಲ್ ಬಿಸಿಯಾದ ಹಾಗೆ ಮೆಲ್ಲಗೆ ಸೋಲುತ್ತದೆ. ಲೈನ್ ಕಡಿದರೆ ಇದ್ದಕ್ಕಿದ್ದ ಹಾಗೆ, ಎಲ್ಲವೂ ಒಟ್ಟಿಗೆ. ಕೆಲವು ಮಾಡೆಲ್‌ಗಳಲ್ಲಿ ಸೀಟಿನ ಹಿಂದೆ ಪಂಪಿನ ಎಮರ್ಜೆನ್ಸಿ ಸ್ವಿಚ್ ಇರುತ್ತದೆ. ಅದನ್ನು ಹಾಕಿದ ಕೂಡಲೇ ಗಾಡಿಗೆ ಜೀವ ಬಂದರೆ ಪಂಪನ್ನು ಅದರ ಪಾಡಿಗೆ ಬಿಟ್ಟುಬಿಡಿ. ಆವತ್ತು ಆಗಬೇಕಿದ್ದ ಕೆಲಸ ಅರ್ಧ ಗಂಟೆಯದು. ರೆಗ್ಯುಲೇಟರಿನಿಂದ ಧೂಳು ತೆಗೆಯುವುದಕ್ಕೇ ಎರಡು ದಿನ ಹೋಯಿತು.

3. ಲ್ಯಾಪ್‌ಟಾಪ್ ಆಮೇಲೆ, ಮೊದಲು ಮೀಟರ್. ಬ್ಯಾಟರಿಯ ಐಸೊಲೇಟರ್ ಆಫ್ ಮಾಡಿ, ಡಯಾಗ್ನೋಸ್ಟಿಕ್ಕಿನ ಒಂಬತ್ತು ಪಿನ್ನಿನ ಗುಂಡು ಕನೆಕ್ಟರಿನಲ್ಲಿ ಸಿ ಮತ್ತು ಡಿ ನಡುವೆ ಓಮ್ ನೋಡಿ. ಲೈನಿನ ಎರಡು ತುದಿಯಲ್ಲೂ 120 ಓಮಿನ ಒಂದೊಂದು ರೆಸಿಸ್ಟರ್ ಇದೆ, ಎರಡೂ ಸೇರಿ 60 ತೋರಿಸಬೇಕು. 120 ಬಂದರೆ ಒಂದು ತುದಿ ಕಡಿದುಹೋಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ತಾಗಿಕೊಂಡಿವೆ. 40 ಬಂದರೆ? ಎಲ್ಲೋ ಮೂರನೆಯ ರೆಸಿಸ್ಟರ್ ಹೊಕ್ಕಿದೆ. ನನಗೆ 40 ಸಿಕ್ಕಿದ್ದು ಮಾಲೀಕರು ಆಮೇಲೆ ಹಾಕಿಸಿದ್ದ ಜಿಪಿಎಸ್ ಡಬ್ಬಿಯಲ್ಲಿ. ಅದನ್ನು ಲೈನಿಗೆ ಪೋಣಿಸಿದವರು ಅದರೊಳಗಿನ ರೆಸಿಸ್ಟರ್ ತೆಗೆದಿರಲಿಲ್ಲ. ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಸಾಮಾನು, ನಿಂತಿದ್ದು ಇಪ್ಪತ್ತು ಟನ್ನಿನ ಗಾಡಿ. ಕೀ ಆನ್ ಮಾಡಿ ವೋಲ್ಟ್ ನೋಡಿದರೆ ಒಂದು ತಂತಿ ಎರಡೂವರೆಗಿಂತ ಚೂರು ಮೇಲೆ, ಇನ್ನೊಂದು ಚೂರು ಕೆಳಗೆ ಇರಬೇಕು. ಗಾಡಿಯಲ್ಲಿ ಒಂದಕ್ಕಿಂತ ಹೆಚ್ಚು ಕ್ಯಾನ್ ಲೈನ್ ಇರಬಹುದು; ಸರ್ಕ್ಯೂಟ್ ಚಿತ್ರ ನೋಡದೆ ಯಾವ ಲೈನಿಗೆ ಮೀಟರ್ ಇಟ್ಟಿದ್ದೀರಿ ಅಂತ ಗೊತ್ತಾಗಲ್ಲ.

4. ಅರ್ಥ್. ನನ್ನ ಆ ಪಂಪ್ ಕಂಟ್ರೋಲರಿನ ಕಥೆ ಇಲ್ಲಿಗೆ ಬಂತು. ಕ್ಯಾಬಿನ್ ಕೆಳಗೆ ಒಂದು ಬೋಲ್ಟು. ಗಾಡಿಗೆ ಹೊಸ ಬಣ್ಣ ಹೊಡೆದವರು ಅರ್ಥ್ ವೈರ್ ಬಿಚ್ಚಿ, ಬಣ್ಣದ ಮೇಲೇ ಬಿಗಿದಿದ್ದರು. ಮೀಟರಿನಲ್ಲಿ 24 ವೋಲ್ಟ್ ಸರಿಯಾಗೇ ಬರುತ್ತಿತ್ತು, ಯಾಕೆಂದರೆ ಮೀಟರ್ ಹೆಚ್ಚುಕಡಿಮೆ ಕರೆಂಟ್ ಎಳೆಯುವುದೇ ಇಲ್ಲ. ಈಗ ನನ್ನ ಚೀಲದಲ್ಲಿ ಲಾರಿಯ ಹೆಡ್‌ಲೈಟ್ ಬಲ್ಬ್ ಒಂದು ಇರುತ್ತದೆ, 24 ವೋಲ್ಟಿನದು, 70 ವ್ಯಾಟಿನದು. ಕಂಟ್ರೋಲರಿನ ಕನೆಕ್ಟರ್ ಬಿಚ್ಚಿ, ಹಾರ್ನೆಸ್ಸಿನ ಕಡೆಯ ಪ್ಲಸ್ಸು, ಅರ್ಥಿಗೆ ಬಲ್ಬ್ ಹಾಕಿ, ಉರಿಯುವಾಗ ಅರ್ಥಿನಿಂದ ಬ್ಯಾಟರಿ ಮೈನಸ್ಸಿಗೆ ಎಷ್ಟು ವೋಲ್ಟ್ ಬೀಳುತ್ತದೆ ನೋಡುತ್ತೇನೆ. ಅರ್ಧ ವೋಲ್ಟ್ ದಾಟಿದರೆ ಬೋಲ್ಟ್ ಬಿಚ್ಚಿ ಉಪ್ಪುಕಾಗದ ಹಾಕುವುದೇ. ಎಲ್ಲ ಕಂಟ್ರೋಲರುಗಳೂ ಒಟ್ಟಿಗೆ ಒಂದರ ಮೇಲೊಂದು ದೂರು ಹೇಳಿದರೆ ಕ್ಯಾನ್ ತಂತಿಗಿಂತ ಮೊದಲು ಬ್ಯಾಟರಿ, ಅರ್ಥ್ ನೋಡಿ.

5. ಕಾರ್ತಿಕ ಮಾಸದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ. ಒಂದು ವರ್ಷ ಪರಿಷೆಯ ವಾರದಲ್ಲಿ ಬುಲ್ ಟೆಂಪಲ್ ರಸ್ತೆ ಹತ್ತಿರ ಗಾಡಿಯೊಂದಕ್ಕೆ ಕೆಲಸ ನಿಂತಿತ್ತು. ಆಪರೇಟರ್ ಕ್ಯಾಬಿನ್ನಿನಲ್ಲೇ ಕೂತು ಕಡಲೆಕಾಯಿ ತಿಂದು ಸಿಪ್ಪೆಯನ್ನು ಸೀಟಿನ ಹಿಂದೆ ಹಾಕಿದ್ದ. ಅವನು ಬಿಟ್ಟ ಕಾಳಿಗೆ ಇಲಿ ಬಂತು. ಕಾಳು ಮುಗಿದ ಮೇಲೆ ವೈರಿಗೆ ಬಾಯಿ ಹಾಕಿತು. ಮುಚ್ಚಳ ತೆಗೆದಾಗ ಕ್ಯಾನ್ ಲೈನಿನ ಹಳದಿ, ಹಸಿರು ತಂತಿಗಳ ಮೇಲಿನ ಪ್ಲಾಸ್ಟಿಕ್ಕನ್ನು ಬೆರಳುದ್ದ ಸುಲಿದು, ಪುಡಿಯನ್ನು ಸಿಪ್ಪೆಯ ಜತೆ ಗೂಡಿನಂತೆ ಕೂಡಿಟ್ಟಿತ್ತು. ಒಳಗಿನ ತಾಮ್ರ ಒಂದಕ್ಕೊಂದು ಒರಗಿತ್ತು. ಮೀಟರಿನಲ್ಲಿ 2 ಓಮ್. ಇಂಥದನ್ನು ಜೋಡಿಸುವಾಗ ಎರಡು ಜಾಯಿಂಟೂ ಒಂದೇ ಜಾಗದಲ್ಲಿ ಬರಬಾರದು, ಹೆಣಿಗೆಯನ್ನು ಬಿಡಿಸಿ ಉದ್ದಕ್ಕೆ ಬಿಡಬಾರದು. ಹೊರಗಿನ ಗದ್ದಲ ಎರಡೂ ತಂತಿಗೆ ಸಮವಾಗಿ ತಾಗಿ ರದ್ದಾಗಲಿ ಅಂತಲೇ ಹೆಣೆದಿರುವುದು. ಕ್ಯಾಬಿನ್ ಗುಡಿಸುವ ಕೆಲಸವೂ ನನ್ನ ಬಿಲ್ಲಿಗೆ ಸೇರಿತು.

6. ಬಕೆಟ್ ಬಿರುಕಿಗೆ ಸೈಟಿನಲ್ಲೇ ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಬಿಚ್ಚಿ, ಕಂಟ್ರೋಲರ್ ಕನೆಕ್ಟರ್ ಕಳಚಿ, ಅರ್ಥ್ ಕ್ಲಾಂಪ್ ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಹಾಕಿ. ಇದನ್ನು ಎಷ್ಟು ಸಲ ಹೇಳಿದರೂ ಕೇಳುವವರಿಲ್ಲ.

7. ಕೆಟ್ಟದ್ದಕ್ಕಿಂತ ಕಷ್ಟ ಬಂದುಹೋಗುವುದು. ಬ್ರೇಕರ್ ಹೊಡೆಯುವಾಗ ಕೋಡ್, ನಿಲ್ಲಿಸಿದರೆ ಮಾಯ. ನಾನು ಹೋದಾಗ ಗಾಡಿ ಮದುವೆ ಗಂಡಿನ ಹಾಗೆ ನಿಂತಿರುತ್ತದೆ. ಬಡಿತಕ್ಕೆ ಪಿನ್ನು ಪಿನ್ನು ಉಜ್ಜಿ ಕಪ್ಪು ಪುಡಿ ಕಟ್ಟುತ್ತದೆ, ಕಣ್ಣಿಗೆ ಕಾಣುವುದು ಅಪರೂಪ. ಬಿಡಿ ಗಂಡು ಪಿನ್ನೊಂದನ್ನು ಹೆಣ್ಣು ಪಿನ್ನಿಗೆ ಹಾಕಿ ಎಳೆದು ನೋಡಿ, ಸ್ವಲ್ಪವಾದರೂ ಹಿಡಿಯಬೇಕು. ಜಾರಿ ಬಂದರೆ ಅದೇ ಕಳ್ಳ. ಎಷ್ಟೋ ಸಲ ಆ ಪಿನ್ನನ್ನು ಅಗಲ ಮಾಡಿದ್ದು ನಮ್ಮಂಥವರ ಮೀಟರಿನ ದಪ್ಪ ಮೊನೆ. ನಾನೂ ಮಾಡಿದ್ದೇನೆ. ಕೀ ಆನ್ ಇಟ್ಟು, ಒಬ್ಬರು ಮಾನಿಟರ್ ನೋಡುತ್ತಿದ್ದರೆ ಇನ್ನೊಬ್ಬರು ಹಾರ್ನೆಸ್ಸನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತ ಹೋಗಬೇಕು. ಕೂಗಿದ ಜಾಗದಲ್ಲಿ ನಿಲ್ಲಿ.

8. ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ತಾರೀಖು, ಓಮ್, ಏನು ಮಾಡಿದೆ ಅಂತ ಬರೆದುಬಿಡುತ್ತೇನೆ. ಗಾಡಿ ಇವತ್ತು ಗಾಂಧಿ ಬಜಾರ್, ಆರು ತಿಂಗಳಿಗೆ ಹಾವೇರಿಯಲ್ಲೋ ರಾಯಚೂರಿನಲ್ಲೋ ಇರುತ್ತದೆ. ಮೊನ್ನೆ ಅಂಥ ಕಡೆಯಿಂದ ಯಾರೋ ಮೆಕ್ಯಾನಿಕ್ ಮುಚ್ಚಳದ ಫೋಟೊ ಕಳಿಸಿ ಕೇಳಿದ್ದು: ‘ಅಣ್ಣಾ, 60 ಸರಿ, ಇಲಿ ಅಂದರೆ ಏನು?’